ಅಕ್ಕೋರು ತಿನ್ನದ ರೊಟ್ಟಿ

ಅಕ್ಕೋರನ್ನು ಮಣ್ಣು ಮಾಡಿದ ದಿನ ಅವರ ಬಗ್ಗೆ ಆಡಿದ ಮಾತೆಲ್ಲ ಖರೆಯೇ ಇತ್ತು, ಒಂದನ್ನು ಬಿಟ್ಟು. ಶಿಸ್ತಿನ ಶಿಕ್ಷಕಿ ಎಂದರು, ಹೌದು. ಗಂಡ ತೀರಿಕೊಂಡ ವಾರವೂ ಚರ್ಚಿಗೆ ಬಂದು ತಮ್ಮ ಬೆಂಚಿನಲ್ಲೇ ಕೂತಿದ್ದರು ಎಂದರು, ಅದೂ ಹೌದು. ಕೊನೆಗೆ ಸಭೆಯ ಹಿರಿಯರೊಬ್ಬರು ಎದ್ದು ಕನ್ನಡಕ ಏರಿಸಿಕೊಂಡು, ಈ ತಾಯಿ ಜೀವಮಾನದಲ್ಲಿ ಒಂದು ಸಲವೂ ಕರ್ತನ ಭೋಜನ ತಪ್ಪಿಸಿದವಳಲ್ಲ, ನಮ್ಮ ಹೆಣ್ಣುಮಕ್ಕಳು ಕಲಿಯಬೇಕು ಎಂದರು. ಪಾಸ್ಟರ್ ಕೈಯಲ್ಲಿದ್ದ ಬೈಬಲ್ಲಿನ ಹಾಳೆ ತಿರುವತೊಡಗಿದರು. ಅಕ್ಕೋರ ಮಗ ನನ್ನ ಕಡೆ ನೋಡಿದ. ನಾನು ಹೊಸ ಮಣ್ಣಿನ ಕಡೆ ನೋಡಿದೆ. ಬಾಯಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಬೀದರಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವತ್ತು ಮಾತ್ರ ತುಟಿ ಹೊಲಿದುಕೊಂಡವಳ ಹಾಗೆ ನಿಂತಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸುಸ್ವಾಮಿ ಸಾಯುವ ಮುಂಚೆ ಶಿಷ್ಯರೊಡನೆ ಉಂಡದ್ದರ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಮುಂದೆ ವೇದಿಕೆಗೆ ಅಡ್ಡ ಹಾಕಿದ ಕಟಾಂಜನದ ಹತ್ತಿರ ಸಾಲಾಗಿ ಮೊಣಕಾಲೂರಿ ಎರಡೂ ಅಂಗೈ ಒಡ್ಡಬೇಕು. ಆ ರೊಟ್ಟಿಯನ್ನು ಸುಟ್ಟು, ಆ ರಸವನ್ನು ಸೋಸಿ, ಮೂವತ್ತು ವರ್ಷ ಇಡೀ ಸಭೆಗೆ ಉಣ್ಣಿಸಿದವರು ಅಕ್ಕೋರು. ಅದರಲ್ಲಿ ಒಂದು ಚೂರನ್ನೂ ಅವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಇದು ಗೊತ್ತಿದ್ದವಳು ನಾನು, ಕೊನೆಯಲ್ಲಿ ಅವರ ಮಗ ಮತ್ತು ಪಾಸ್ಟರ್.

ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಊರಲ್ಲಿ ಅಕ್ಕೋರು ಎಷ್ಟೋ ಮಂದಿ, ಆದರೆ ನಮ್ಮ ಚರ್ಚಿನ ಓಣಿಯಲ್ಲಿ ಬರೀ 'ಅಕ್ಕೋರು' ಅಂದರೆ ಅವರೇ. ನಾನೂ ಶಿಕ್ಷಕಿಯೇ, ಅವರದೇ ಸಾಲಿಯಲ್ಲಿ ಕೆಲಸ ಮಾಡಿದವಳು, ಆದರೂ ನನ್ನನ್ನು ಯಾರೂ ಹಾಗೆ ಕರೆಯಲಿಲ್ಲ. ಟೀಚರ್ ಅಂದರು, ಮೇಡಂ ಅಂದರು, ಬೆನ್ನ ಹಿಂದೆ ಇನ್ನೂ ಏನೇನೋ ಅಂದರು.

ಅವರ ತವರು ಭಾಲ್ಕಿ ತಾಲೂಕಿನ ಮೆಹಕರ, ಮಹಾರಾಷ್ಟ್ರದ ಅಂಚು. ಹಾಗಾಗಿ ಲೆಕ್ಕ ಮರಾಠಿಯಲ್ಲಿ, ಸಿಟ್ಟು ಉರ್ದುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ಎತ್ತರದ ಹೆಣ್ಣುಮಗಳು. ಗಡಿಯಾರದ ಮುಖವನ್ನು ಮುಂಗೈ ಒಳಗಡೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ಹೊತ್ತು ನೋಡುವುದು ಮಕ್ಕಳಿಗೆ ಕಾಣಬಾರದಂತೆ, ಪಾಠ ಮುಗಿಯಲಿ ಎಂದು ಅಕ್ಕೋರೂ ಕಾಯುತ್ತಿದ್ದಾರೆ ಎಂದು ತಿಳಿದರೆ ಮಕ್ಕಳು ಕೈಗೆ ಸಿಗುವುದಿಲ್ಲವಂತೆ. ಹಾಡುವುದರಲ್ಲಿ ಮಾತ್ರ ದೇವರೇ ಗತಿ. ಕೀರ್ತನೆಯನ್ನು ಒಂದು ಸ್ವರ ಮೇಲೆ ಹಿಡಿದು ಕೊನೆಯ ತನಕ ಬಿಡುತ್ತಿರಲಿಲ್ಲ, ಹಾರ್ಮೋನಿಯಂನವನೇ ಸೋತು ಅವರ ಹಾದಿಗೆ ಬರಬೇಕು. ಒಮ್ಮೆ ನಗುತ್ತ ಇದನ್ನು ಅವರಿಗೇ ಹೇಳಿದೆ. ದೇವರು ಕಿವುಡನಲ್ಲ ಎಂದು ನೀನೇ ಮಕ್ಕಳಿಗೆ ಕಲಿಸುತ್ತೀ, ಹಾಗಿದ್ದರೆ ಆತನಿಗೆ ತಾಳ್ಮೆಯೂ ಇರಬೇಕಲ್ಲ ಎಂದರು.

ಭೋಜನದ ಹಿಂದಿನ ಶನಿವಾರ ಸಂಜೆ ಅವರ ಅಡಿಗೆ ಮನೆಯಲ್ಲಿ ತಯಾರಿ. ಬೇರೆ ಚರ್ಚುಗಳಲ್ಲಿ ಬೇಕರಿಯ ಬ್ರೆಡ್ಡು ತಂದು ಕತ್ತರಿಸುತ್ತಾರೆ, ಅಕ್ಕೋರಿಗೆ ಅದು ಸೇರದು. ಉಪ್ಪು ಹಾಕದೆ ಗೋಧಿ ಹಿಟ್ಟು ನಾದಿ, ದಪ್ಪಗೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದರು. ಕರಿ ಒಣದ್ರಾಕ್ಷಿಯನ್ನು ಮುಂಜಾನೆಯೇ ನೆನೆಸಿಟ್ಟು, ಸಂಜೆ ಕುದಿಸಿ, ಬಿಳಿ ಅರಿವೆಯಲ್ಲಿ ಹಿಂಡಿ ಸೋಸುವುದು. ಹಿಂಡುವ ಕೆಲಸ ನನ್ನದಾಗಿತ್ತು. ಮೊದಲ ಸಲ ಹಿಂಡಿ ಬೆರಳು ನೆಕ್ಕಿದ್ದಕ್ಕೆ ಮೊಣಕೈ ಮೇಲೆ ಒಂದು ಬಿಟ್ಟರು, ಥೇಟ್ ಸಾಲಿ ಹುಡುಗಿಗೆ ಬಿಟ್ಟ ಹಾಗೆ. ಮದುವೆಯಾಗಿ ಮಕ್ಕಳಾದವಳು ನಾನು! ಆಗ ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಮುಂದಿನ ತಿಂಗಳೂ ಹೋದೆ, ಯಾಕೆಂದರೆ ಕೆಲಸ ಮುಗಿದ ಮೇಲೆ ಅವರು ಮಾಡುತ್ತಿದ್ದ ಚಹಾಕ್ಕೆ ಏಲಕ್ಕಿ ಧಾರಾಳ, ಮಾತಿಗೂ ಬರವಿರಲಿಲ್ಲ.

ಭಾನುವಾರ ಭೋಜನದ ಹೊತ್ತಿಗೆ ಅಕ್ಕೋರು ವೇದಿಕೆಯ ಪಕ್ಕದ ಸಣ್ಣ ಕೋಣೆಯಲ್ಲಿ ಇರುತ್ತಿದ್ದರು. ರಸದ ಪುಟ್ಟ ಗ್ಲಾಸುಗಳು ನಮ್ಮಲ್ಲಿ ಕಡಿಮೆ. ಒಂದು ಸಾಲಿನವರು ಕುಡಿದಿಟ್ಟದ್ದನ್ನು ತೊಳೆದು ಒರೆಸಿ ಮುಂದಿನ ಸಾಲಿಗೆ ಕೊಡಬೇಕು. ಆ ಕೆಲಸ ಅಕ್ಕೋರದು. ಹೊಸ ಗ್ಲಾಸು ಕೊಳ್ಳೋಣ ಎಂದು ಸಭೆಯಲ್ಲಿ ಯಾರಾದರೂ ಎತ್ತಿದರೆ ಇರುವುದೇ ಸಾಕು ಎಂದು ಅವರೇ ಬಾಯಿ ಮುಚ್ಚಿಸುತ್ತಿದ್ದರು. ಜಿಪುಣಿ ಎಂದುಕೊಂಡಿದ್ದೆ. ಒಂದು ಭಾನುವಾರ ಕೊನೆಯ ಸಾಲಿಗೆ ಎರಡು ಗ್ಲಾಸು ಕಡಿಮೆ ಬಿದ್ದು ನಾನು ಆ ಕೋಣೆಗೆ ನುಗ್ಗಿದೆ. ತೊಳೆದ ಗ್ಲಾಸುಗಳು ತಟ್ಟೆಯಲ್ಲಿ ಸಿದ್ಧವಾಗಿದ್ದವು. ಅಕ್ಕೋರು ಸ್ಟೂಲಿನ ಮೇಲೆ ತಲೆ ತುಂಬ ಸೆರಗು ಹೊದ್ದು ಕೂತು, ಹೊರಗೆ ಪಾಸ್ಟರ್ ಹೇಳುತ್ತಿದ್ದ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ತುಟಿಯಲ್ಲೇ ಹೇಳುತ್ತಿದ್ದರು. ನಿಮ್ಮದಾಯಿತೇ ಎಂದು ಕೇಳಿದೆ. ನೀನು ಹೋಗಿ ತಗೊ, ಸಾಲು ಮುಗಿಯುತ್ತದೆ ಎಂದರು. ಆ ಮೇಲೆ ನಾಲ್ಕಾರು ತಿಂಗಳು ಕಣ್ಣಿಟ್ಟು ನೋಡಿದೆ, ನೋಡುವ ಚಟ ನನಗೆ ಮೊದಲಿನಿಂದಲೂ. ಅವರು ಕೋಣೆಯಿಂದ ಹೊರಬರುತ್ತಿದ್ದುದು ಕೊನೆಯ ಆಶೀರ್ವಾದಕ್ಕೆ ಮಾತ್ರ. ಇದು ಯಾವ ನಮೂನೆಯ ಸೊಕ್ಕು, ನಮ್ಮ ಜೊತೆ ಮೊಣಕಾಲೂರಿದರೆ ಇವರ ಸೀರೆಯ ನಿರಿಗೆ ಕೆಡುತ್ತದೆಯೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ, ಅವರ ಉರ್ದುವಿಗೆ ಹೆದರಿ.

ಸೊಕ್ಕು ಮಾಡುವ ಬದುಕೇನೂ ಅವರದಾಗಿರಲಿಲ್ಲ. ಗಂಡ ಲಾರಿ ಓಡಿಸುತ್ತಿದ್ದವರು, ಸೋಲಾಪುರದ ಹಾದಿಯಲ್ಲಿ ಅಪಘಾತವಾಗಿ ಹೋದರು. ಆಗ ಮಗನಿಗೆ ಇನ್ನೂ ಸಾಲಿಯ ವಯಸ್ಸು. ಅತ್ತೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಅವರಿಗೆ ತುತ್ತು ತಿನ್ನಿಸಿ, ಒಗೆದು ಬಳಿದು, ಅಕ್ಕೋರು ಸಾಲಿಗೆ ಬರುತ್ತಿದ್ದರು. ಒಂದು ಮಳೆಗಾಲ ಹಿಂದಿನ ಗೋಡೆ ಬಿದ್ದು ತಾಡಪತ್ರಿ ಕಟ್ಟಿಕೊಂಡು ಇದ್ದರು. ತಂಗಿಯೊಬ್ಬಳು ಇದ್ದಳು, ಅವಳೂ ಕಣ್ಣೆದುರೇ ಕ್ಯಾನ್ಸರಿನಲ್ಲಿ ಹೋದಳು. ಇಷ್ಟರಲ್ಲಿ ಅರ್ಧ ಬಂದಿದ್ದರೂ ನಾನು ಚರ್ಚಿನ ಬಾಗಿಲಿಗೆ ಬೆನ್ನು ತೋರಿಸಿ ಬಿಡುತ್ತಿದ್ದೆ. ಹಾಗೆಂದು ಅವರಿಗೇ ಹೇಳಿದೆ ಕೂಡ, ತಂಗಿಯನ್ನು ಮಣ್ಣು ಮಾಡಿ ಬಂದ ದಿನ. ನಿಮಗೆ ದೇವರ ಮೇಲೆ ಸಿಟ್ಟೇ ಬರುವುದಿಲ್ಲವೇ ಎಂದೆ.

"ಬರ್ತದ," ಎಂದರು. "ಭಾಳ ಬರ್ತದ. ಖರೆ ಆತನ ಮ್ಯಾಲಿನ ಸಿಟ್ಟು ಆತನ ಮನ್ಯಾಗೇ ಕುಂತು ಮಾಡ್ಬೇಕು ತಂಗಿ. ಹೊರಗ ಹೋಗಿ ಮಾಡಿದ್ರ ಅದು ಬರೇ ಚಾಡಿ ಆಗ್ತದ."

ಈ ಮಾತನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನದೇ ಮಾತು ಎಂಬಂತೆಯೂ ಕೆಲವು ಸಲ ಹೇಳಿದ್ದೇನೆ.

ಅವರ ಪ್ರಾರ್ಥನೆಯಲ್ಲಿ ನನಗೆ ಒಂದು ವಿಚಿತ್ರ ಕಂಡಿತ್ತು. ಬುಧವಾರದ ಮನೆ ಪ್ರಾರ್ಥನೆಗಳಲ್ಲಿ ಅಕ್ಕೋರು ಕಣ್ಣು ಮುಚ್ಚಿದರೆ ಓಣಿಯೇ ಸಾಲುಗಟ್ಟಿ ನಿಲ್ಲುತ್ತಿತ್ತು. ಯಾರ ಮಗಳಿಗೆ ಗಂಡು ಸಿಗಬೇಕು, ಯಾರ ಗಂಡ ಕುಡಿತ ಬಿಡಬೇಕು, ನೀರು ಬಿಡುವ ನಗರಸಭೆಯವನ ಸೊಂಟ ನೋವು, ಎಲ್ಲ ಬರುತ್ತಿತ್ತು. ಅವರ ಸ್ವಂತ ಮಗನ ಹೆಸರು ಮಾತ್ರ ಬರುತ್ತಿರಲಿಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂತಾಗಲೂ ಬರಲಿಲ್ಲ, ಮದುವೆಯಾದಾಗಲೂ ಬರಲಿಲ್ಲ. ಮಗ ಕೆಟ್ಟವನಲ್ಲ. ಮೋಟಾರು ರಿಪೇರಿ ಕಲಿತು ತಾನೇ ಅಂಗಡಿ ಹಾಕಿಕೊಂಡವನು, ಗಟ್ಟಿಮುಟ್ಟಾದ ಆಳು. ಚರ್ಚಿಗೆ ಮಾತ್ರ ಕ್ರಿಸ್‌ಮಸ್ಸಿಗೊಮ್ಮೆ ಬಂದರೆ ಬಂದ.

ಈ ಮಗನ ಮೇಲೆ ನಮ್ಮ ಸಭೆಯವರಿಗೆಲ್ಲ ಒಂದು ಹಕ್ಕಿತ್ತು. ಅವನು ನಮ್ಮ ಪ್ರಾರ್ಥನೆಯ ಮಗ. ಅಕ್ಕೋರು ಮೊದಲು ಔರಾದ ತಾಲೂಕಿನ ಒಂದು ಹಳ್ಳಿ ಸಾಲಿಯಲ್ಲಿದ್ದಾಗ ಅವನಿಗೆ ನಾಲ್ಕು ವರ್ಷ, ಜ್ವರ ಏರಿ ಮೈ ಸೆಟೆದು ಕಣ್ಣು ಮೇಲಾಗಿತ್ತು. ಬೀದರಿನ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ದೇವರ ಮೇಲೆ ಭಾರ ಹಾಕಿರಿ ಎಂದು ಕಳಿಸಿದ್ದರು. ಅವರ ಗಂಡನ ಮನೆ ನಮ್ಮ ಓಣಿಯದೇ, ಸುದ್ದಿ ತಿಳಿದು ಇಲ್ಲಿ ಬೀದರಿನಲ್ಲಿ ಇಡೀ ಸಭೆ ಉಪವಾಸ ಪ್ರಾರ್ಥನೆಗೆ ಕೂತಿತು. ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ನಾನೂ ಕೂತಿದ್ದೆ. ಮಧ್ಯಾಹ್ನ ಅತ್ತೆಯ ಕಣ್ಣು ತಪ್ಪಿಸಿ ಎರಡು ಬಾಳೆಹಣ್ಣು ತಿಂದದ್ದು ಬೇರೆ ಮಾತು. ಮಾರನೆಯ ದಿನ ಔರಾದಿನಿಂದ ಸುದ್ದಿ ಬಂತು, ಜ್ವರ ಇಳಿದಿದೆ, ಹುಡುಗ ಗಂಜಿ ಕೇಳಿದ್ದಾನೆ. ಚರ್ಚಿನಲ್ಲಿ ಹೆಣ್ಣುಮಕ್ಕಳು ಅತ್ತರು, ಗಂಡಸರೂ ಅತ್ತರು. ಅಂದಿನಿಂದ ಅವನು ನಮ್ಮ ಪವಾಡ.

ಪವಾಡವಾದ ಮೇಲೆ ಸಾಕ್ಷಿ ಹೇಳಬೇಕಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದು ನಮ್ಮಲ್ಲಿ ಪದ್ಧತಿ. ಮೈಕು ಸಿಕ್ಕರೆ ತಲೆನೋವು ಹೋದದ್ದನ್ನೂ ಉಪ್ಪು ಖಾರ ಹಚ್ಚಿ ಅರ್ಧ ತಾಸು ಹೇಳುವವರಿದ್ದಾರೆ. ಅಕ್ಕೋರು ಮಾತ್ರ ಪ್ರತಿ ಸಲ ಜಾರಿಕೊಳ್ಳುತ್ತಿದ್ದರು. ಭಾಲ್ಕಿಯಲ್ಲಿ ಸುತ್ತಲಿನ ಚರ್ಚುಗಳೆಲ್ಲ ಸೇರಿ ದೊಡ್ಡ ಪ್ರಾರ್ಥನಾ ಕೂಟ ನಡೆಸಿದಾಗ ಅಂದಿನ ಪಾಸ್ಟರ್ ಕೇಳದೆಯೇ ಅವರನ್ನು ವೇದಿಕೆಗೆ ಕರೆದುಬಿಟ್ಟರು. ಪೆಂಡಾಲಿನ ತುಂಬ ಮಂದಿ. ಅಕ್ಕೋರು ಹತ್ತಿದರು, ಮೈಕು ಹಿಡಿದರು. ಆಮೇಲೆ, ನನ್ನ ಮಗ ಆರಾಮ ಇದ್ದಾನೆ, ನೀವೆಲ್ಲ ಹಸಿದು ಕೂತು ಬೇಡಿಕೊಂಡಿರಿ, ನಿಮಗೆ ಶರಣು ಎಂದು ಇಳಿದು ಬಂದರು. ಎಂಥ ದೀನತೆ ಎಂದು ಮಂದಿ ಕೊಂಡಾಡಿದರು. ನನ್ನ ಪಕ್ಕ ಬಂದು ಕೂತಾಗ ಅವರ ಕೈ ಹಿಮದಷ್ಟು ತಣ್ಣಗಿತ್ತು. ಜನ ಕಂಡು ಅಂಜಿದ್ದಾರೆ ಎಂದುಕೊಂಡೆ. ಸಾಲಿಯಲ್ಲಿ ನೂರಾರು ಮಕ್ಕಳನ್ನು ಒಂದು ಕಣ್ಣಲ್ಲಿ ಕೂಡಿಸುತ್ತಿದ್ದವರು ಜನ ಕಂಡು ಯಾಕೆ ಅಂಜುತ್ತಾರೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಕೊರೊನಾದ ಎರಡನೆಯ ವರ್ಷ. ಚರ್ಚಿಗೆ ಬೀಗ. ಅಕ್ಕೋರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಮಗನಿಗೆ ಸೋಂಕು ತಗುಲಿ ಬೀದರಿನ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದ್ದರು. ಸೊಸೆ ಮಕ್ಕಳನ್ನು ಕರೆದುಕೊಂಡು ಬಗದಲ್‌ನ ತವರಿನಲ್ಲಿದ್ದಳು. ಅಕ್ಕೋರು ಒಬ್ಬರೇ. ಗೋಡೆಗೆ ಗೋಡೆ ಹತ್ತಿದ ಮನೆ ನಮ್ಮದು, ಹಿತ್ತಿಲ ಬಾಗಿಲಿನಿಂದ ಹೋಗಿ ಬರುತ್ತಿದ್ದೆ. ಆ ಭಾನುವಾರ ಈಗಿನ ಪಾಸ್ಟರ್, ಚಿಕ್ಕ ವಯಸ್ಸಿನವರು, ಮೊಬೈಲಿನಲ್ಲಿ ಆರಾಧನೆ ಇಟ್ಟಿದ್ದರು. ಅವರವರ ಮನೆಯಲ್ಲೇ ಒಂದು ಚೂರು ರೊಟ್ಟಿ, ಒಂದು ಗುಟುಕು ರಸ ಇಟ್ಟುಕೊಂಡು ಕೂಡಿರಿ ಎಂದಿದ್ದರು. ಅಕ್ಕೋರ ಮೇಜಿನ ಮೇಲೆ ತಟ್ಟೆಯಲ್ಲಿ ಒಂದೇ ಚೂರು ರೊಟ್ಟಿ, ಒಂದೇ ಗ್ಲಾಸು. ಅದನ್ನು ನನ್ನ ಕಡೆ ಸರಿಸಿದರು. ನಿಮ್ಮದೆಲ್ಲಿ ಎಂದೆ. ಅವರು ಎದ್ದು ನಿಂತರು, ಸುತ್ತ ನೋಡಿದರು, ಮತ್ತೆ ಕೂತರು.

"ಇಲ್ಲಿ ತೊಳಿಲಿಕ್ಕ ಗ್ಲಾಸ್ ಸುದ್ದಾ ಇಲ್ಲ ತಂಗಿ," ಎಂದರು. "ನಾ ಎಲ್ಲಿಗಿ ಹೋಗ್ಲಿ?"

ಮೊಬೈಲಿನಲ್ಲಿ ಪಾಸ್ಟರ್ ಪ್ರಾರ್ಥನೆ ಮಾಡುತ್ತಿದ್ದರು. ಅಕ್ಕೋರು ಅದರ ದನಿ ಸಣ್ಣದು ಮಾಡಿ ನನಗೆ ಎಲ್ಲ ಹೇಳಿದರು. ಇಲ್ಲಿ ನಾವು ಉಪವಾಸ ಕೂತ ದಿನವೇ ಅಲ್ಲಿ ಹಳ್ಳಿಯಲ್ಲಿ ಹುಡುಗನ ಉಸಿರು ಸಣ್ಣದಾಗಿತ್ತು. ಗಂಡ ಲಾರಿಯ ಮೇಲೆ ಹೋಗಿದ್ದರು. ಪಕ್ಕದ ಮನೆಯ ಮುದುಕಿ, ಅಕ್ಕೋರು ಖಾಲಾ ಎಂದು ಕರೆಯುತ್ತಿದ್ದವಳು, ದರ್ಗಾಕ್ಕೆ ಹೋಗೋಣ ನಡೆ ಬೇಟಿ ಎಂದಳು. ಅಕ್ಕೋರು ಎರಡು ಸಲ ಒಲ್ಲೆ ಎಂದರು. ಮೂರನೆಯ ಸಲ ಹುಡುಗನನ್ನು ಎತ್ತಿಕೊಂಡು ಅವಳ ಹಿಂದೆ ನಡೆದರು. ಅಲ್ಲಿ ತಲೆಬಾಗಿ ಬೇಡಿಕೊಂಡರು, ಹುಡುಗನ ತೋಳಿಗೆ ತಾಯತ ಕಟ್ಟಿಸಿಕೊಂಡರು, ಉಳಿದರೆ ಮಗನನ್ನು ಕರೆದುಕೊಂಡು ಬಂದು ಚಾದರ ಹೊದಿಸುತ್ತೇನೆ ಎಂದು ಹರಕೆ ಹೊತ್ತರು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು.

ಹರಕೆ ತೀರಿಸಲು ಅವರು ಹೋಗಲೇ ಇಲ್ಲ. ಚರ್ಚಿನವಳು ಹೇಗೆ ಹೋಗಲಿ ಎಂದು ಹೋಗಲಿಲ್ಲ. ಖಾಲಾ ಬದುಕಿರುವ ತನಕ ಯಾವಾಗ ಬರುತ್ತೀ ಎಂದು ಕೇಳಿ ಕಳಿಸುತ್ತಿದ್ದಳಂತೆ. ಅಲ್ಲಿಯೂ ಸುಳ್ಳಿಯಾದೆ, ಇಲ್ಲಿಯೂ ಸುಳ್ಳಿಯಾದೆ ಎಂದರು ಅಕ್ಕೋರು.

ನನಗೆ ನಿಜವಾಗಿ ನಗು ಬಂತು. ಇಷ್ಟಕ್ಕೇ? ಮೂವತ್ತು ವರ್ಷ ಇಷ್ಟಕ್ಕೇ? ನಾನು ಹೇಳಿದೆ, ನಮ್ಮ ಸಭೆಯ ಹೆಣ್ಣುಮಕ್ಕಳಲ್ಲಿ ಅರ್ಧ ಮಂದಿ ಮಕ್ಕಳಿಗೆ ಹುಷಾರಿಲ್ಲದಾಗ ಎಲ್ಲಿಗೆ ಹೋಗಿಲ್ಲ ಹೇಳ್ರಿ, ನನ್ನ ಹಡೆದವ್ವನೇ ನನಗೆ ದಡಾರ ಬಂದಾಗ ಮರಗಮ್ಮನ ಗುಡಿಗೆ ಮೊಸರನ್ನ ಕೊಟ್ಟು ಬಂದು ಮಾರನೆಯ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಒಂದು ಸಲ ತಪ್ಪಾಯಿತಪ್ಪಾ ದೇವರೇ ಅಂದುಬಿಡ್ರಿ, ಮುಗಿಯಿತು, ರೊಟ್ಟಿ ತಗೊಳ್ರಿ ಎಂದೆ.

ಅಕ್ಕೋರು ನಗಲಿಲ್ಲ. "ತಪ್ಪಾತು ಅಂತ ಹ್ಯಾಂಗ ಅನ್ಲಿ? ಮಗ ಉಳದಾನ. ನಾ ಹೋಗಬಾರದಾಗಿತ್ತು ಅಂತ ನನ್ನ ಮನಸ್ಸು ಒಂದು ದಿನಾನೂ ಅಂದಿಲ್ಲ. ಉಳಿಸಿದಾಂವ ಯೇಸುಸ್ವಾಮಿನೇ ಅಂತ ನಂಬೇನಿ, ಅದ್ರಾಗ ಎರಡು ಮಾತಿಲ್ಲ. ಖರೆ ಆ ಹೊತ್ತಿನ್ಯಾಗ ನಾ ಆತನ್ನ ನಂಬಲಿಲ್ಲ. ನೀವು ಇಲ್ಲಿ ಹಸದು ಕುಂತಿದ್ರಿ, ನಾ ಬ್ಯಾರೆ ಬಾಗಲದಾಗ ನಿಂತಿದ್ದೆ. ನಾಳಿ ಮತ್ತ ಹಂಗೇ ಆದ್ರ ಮತ್ತ ಹೋಗ್ತೇನಿ. ಪಶ್ಚಾತ್ತಾಪ ಪಟ್ಟವರು ಬರ್ರಿ ಅಂತ ಓದ್ತಾರ. ನನಗ ಅದು ಬಂದಿಲ್ಲ. ಬರದೇ ಕೈ ಚಾಚಿದ್ರ ಆತನ ಮಾರಿ ಮ್ಯಾಲೇ ಸುಳ್ಳು ಹೇಳಿದಂಗ."

ಹಾಗಾದರೆ ಇಷ್ಟು ವರ್ಷ ಯಾಕೆ ಬಂದಿರಿ, ಯಾಕೆ ರೊಟ್ಟಿ ಸುಟ್ಟಿರಿ ಎಂದೆ. ಬರದೆ ಎಲ್ಲಿಗೆ ಹೋಗಲಿ ಎಂದರು. ಒಂದು ದಿನ ಪಶ್ಚಾತ್ತಾಪ ಬರಬಹುದು, ಆ ದಿನ ನಾನು ಮನೆಯಲ್ಲಿ ಕೂತಿದ್ದರೆ ಹೇಗೆ ಎಂದರು. ಮಗನಿಗಾಗಿ ಯಾಕೆ ಬೇಡುವುದಿಲ್ಲ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಅವರೇ ನನ್ನ ಕೈ ಹಿಡಿದು, ಅವನು ದವಾಖಾನೆಯಲ್ಲಿ ಇದ್ದಾನೆ, ಅವನ ಸಲುವಾಗಿ ಕೇಳಲು ನನಗೆ ಬಾಯಿಲ್ಲ, ನೀನು ಬೇಡಿಕೊ ಎಂದರು.

ಬೇಡಿಕೊಂಡೆ. ಆಮೇಲೆ ಮೊಬೈಲಿನ ದನಿ ಏರಿಸಿದೆವು. ಪಾಸ್ಟರ್ ರೊಟ್ಟಿ ಎತ್ತಿಕೊಳ್ಳಿರಿ ಎಂದಾಗ ಅಕ್ಕೋರು ತಟ್ಟೆಯ ಅಂಚು ಮುಟ್ಟಿ ನನ್ನನ್ನು ಒಂದು ಮಾತು ಕೇಳಿದರು. ಚುಚ್ಚಲು ಕೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಹಾಗೆ ಕೇಳಿದರು.

"ನೀ ಪ್ರತಿ ತಿಂಗಳಾ ತಗೋತಿದಿ. ತಪ್ಪಾತು ಅಂತ ಅಂತಿದಿ. ಖರೇನೇ ಅನ್ಸಿ ಅಂತೀಯೇನು ತಂಗಿ?"

ಭಾಲ್ಕಿಯಲ್ಲಿ ನನ್ನ ತಮ್ಮನ ಮನೆಯಿದೆ. ಅವ್ವ ಸತ್ತಾಗ ಅವಳ ಕಿವಿಯೋಲೆಯ ವಿಷಯಕ್ಕೆ ತಮ್ಮನ ಹೆಂಡತಿಗೂ ನನಗೂ ಮಾತಿಗೆ ಮಾತು ಬೆಳೆದು, ಅಂದಿನಿಂದ ಆ ಮನೆಯ ನೀರು ಕುಡಿದವಳಲ್ಲ ನಾನು. ಪ್ರಾರ್ಥನಾ ಕೂಟಕ್ಕೆ ಭಾಲ್ಕಿಗೆ ಹೋದರೂ ಅವರ ಓಣಿ ಬಳಸಿ ಹೋಗುತ್ತೇನೆ. ತಪ್ಪು ಆಕೆಯದೋ ನನ್ನದೋ ಇರಲಿ, ಆ ಸಿಟ್ಟು ನನಗೆ ಸಿಹಿ. ತಿಂಗಳ ಮೊದಲ ಭಾನುವಾರ ಕ್ಷಮಿಸು ತಂದೆಯೇ ಎಂದು ಎಲ್ಲರೊಡನೆ ಹೇಳಿ, ಅಂಗೈ ಒಡ್ಡಿ, ರೊಟ್ಟಿ ನುಂಗಿ, ಹೊರಗೆ ಬಂದ ಕೂಡಲೇ ಆಕೆಯ ಹೊಸ ಸುದ್ದಿ ಏನು ಎಂದು ಭಾಲ್ಕಿಯ ಕಡೆಯವರನ್ನು ಕೇಳುತ್ತಿದ್ದೆ. ಅಕ್ಕೋರಿಗೆ ಇದೆಲ್ಲ ಗೊತ್ತಿತ್ತು. ಎಷ್ಟು ಶನಿವಾರ ಅವರದೇ ಚಹಾ ಕುಡಿಯುತ್ತ ಆಕೆಯನ್ನು ಆಡಿಕೊಂಡಿಲ್ಲ ನಾನು!

ಬಾಯಲ್ಲಿ ಅಂತೇನಿ ಅಕ್ಕೋರ ಎಂದೆ. ಅವರು ತಟ್ಟೆಯನ್ನು ಇನ್ನೂ ಸ್ವಲ್ಪ ಹತ್ತಿರ ಸರಿಸಿದರು. ನಾನು ತಿಂದೆ. ನಾಚಿಕೆಯಾಯಿತು, ಆದರೂ ತಿಂದೆ.

ಮಗ ಉಳಿದು ಬಂದ. ಚರ್ಚು ತೆರೆಯಿತು. ಶನಿವಾರದ ರೊಟ್ಟಿ, ದ್ರಾಕ್ಷಿ, ಚಹಾ ಮೊದಲಿನ ಹಾಗೆಯೇ ನಡೆದವು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಎತ್ತಿದರೆ ಭಾಲ್ಕಿಯ ಮಾತೂ ಏಳುತ್ತದೆಂದು ನನಗೆ ಅಂಜಿಕೆ. ಅವರ ನೋವು ಕಣ್ಣಿಗೆ ಕಾಣುತ್ತಿದ್ದರೂ ನನ್ನ ಹುಣ್ಣು ಮುಟ್ಟದಿದ್ದರೆ ಸಾಕೆಂದು ಸುಮ್ಮನಿದ್ದೆ.

ಹೋದ ವರ್ಷ ಅಕ್ಕೋರಿಗೆ ಹೊಟ್ಟೆಬೇನೆ ಶುರುವಾಯಿತು. ಗುರುತು ಹಿಡಿಯುವ ಹೊತ್ತಿಗೆ ಬೇನೆ ಬಲಿತಿತ್ತು. ಹೈದರಾಬಾದಿಗೆ ಬೇಡ, ನನ್ನ ಮನೆಯಲ್ಲೇ ಇರುತ್ತೇನೆ ಎಂದರು. ಹಾಸಿಗೆಯಲ್ಲಿ ಇದ್ದೇ ಓಣಿಯವರ ಸಲುವಾಗಿ ಬೇಡುತ್ತಿದ್ದರು, ನೋವು ಬಂದಾಗ ನಡುವೆ ನಿಲ್ಲಿಸಿ, ನೋವು ಇಳಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಹಾಸಿಗೆ ಹಿಡಿದವರಿಗೆ ಪಾಸ್ಟರ್ ಮನೆಗೇ ಬಂದು ಭೋಜನ ಕೊಡುವುದು ರೂಢಿ. ಒಂದು ಮುಂಜಾನೆ ಅವರು ಸಣ್ಣ ಡಬ್ಬಿ ಹಿಡಿದು ಬಂದರು. ಆ ರೊಟ್ಟಿ ನಾನು ಸುಟ್ಟದ್ದು, ಒಂದು ಕಡೆ ಕಂದಿತ್ತು. ಮಗ ತಲೆದೆಸೆಗೆ ನಿಂತಿದ್ದ. ಪಾಸ್ಟರ್ ಪ್ರಾರ್ಥನೆ ಹೇಳಿ ಚೂರನ್ನು ತುಟಿಯ ಹತ್ತಿರ ಒಯ್ದರು. ಅಕ್ಕೋರು ಮುಖ ತಿರುವಿದರು.

ಆಮೇಲೆ ನಿಧಾನವಾಗಿ, ನಡುನಡುವೆ ಉಸಿರು ತಗೊಂಡು, ನನಗೆ ಹೇಳಿದ್ದೆಲ್ಲವನ್ನೂ ಪಾಸ್ಟರಿಗೆ ಹೇಳಿದರು. ಮಗ ಮೊದಲ ಸಲ ಕೇಳಿಸಿಕೊಂಡ. ತಾನೊಂದು ಪವಾಡವೆಂದು ಕೇಳುತ್ತ ಬೆಳೆದು ಆ ಮಾತಿಗೇ ಬೇಸತ್ತು ಚರ್ಚು ಬಿಟ್ಟವನು ಅವನು. ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಅವ್ವಾ, ಯಾರ ಬಾಗಲದಾಗ ನಿಂತರೂ ನಿಂತಾಕಿ ನೀನೇ ಅಲಾ. ನನ್ನ ಎತಗೊಂಡು ನಿಂತಿದ್ದಿ," ಎಂದ. "ಅದಕ್ಕ ಯಾಕ ತಪ್ಪಾತು ಅನ್ಬೇಕು?"

"ಅನ್ಲಿಕ್ಕ ಆಗವಲ್ತು, ಅದಕ್ಕೇ ತಿನ್ಲಿಕ್ಕ ಆಗವಲ್ತು," ಎಂದರು ಅಕ್ಕೋರು. ಪಾಸ್ಟರ ಕಡೆ ತಿರುಗಿ, "ಇವನಿಗಿ ಕೊಡ್ರಿ," ಎಂದರು.

ನೀನು ತಿಂದರೆ ನಾನೂ ತಿನ್ನುತ್ತೇನೆ ಎಂದು ಮಗ ಹಟ ಹಿಡಿದ. ತಾಯಿಯ ಹಟವೇ ಅದು, ಎಲ್ಲಿಗೆ ಹೋಗಬೇಕು. ಪಾಸ್ಟರ್ ಇಬ್ಬರನ್ನೂ ನೋಡುತ್ತ ಕೂತಿದ್ದರು. ದೇವರ ಕೃಪೆ ನಮ್ಮ ಪಶ್ಚಾತ್ತಾಪಕ್ಕಿಂತ ದೊಡ್ಡದಮ್ಮ ಎಂದು ಒಮ್ಮೆ ಹೇಳಿದರು. ಗೊತ್ತಿದೆ, ದೊಡ್ಡದು ಎಂದೇ ಅದರ ಮುಂದೆ ಸುಳ್ಳಾಡಲು ಆಗುವುದಿಲ್ಲ ಎಂದರು ಅಕ್ಕೋರು. ಪಾಸ್ಟರಿಗೆ ಕಣ್ಣೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಚೂರನ್ನು ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎಷ್ಟೋ ಸಲ ಹಗುರಾಗಿ ಆಡಿದ್ದೇನೆ ನಾನು. ಅವತ್ತು ಕಣ್ಣಾರೆ ಕಂಡೆ. ಆ ವಾರವೇ ಅಕ್ಕೋರು ಹೋದರು, ಮಲಗಿದಲ್ಲೇ, ಕಷ್ಟಪಡದೆ.

ಮುಂದಿನ ತಿಂಗಳ ಭೋಜನಕ್ಕೆ ಹೊಸ ಗ್ಲಾಸುಗಳು ಬಂದವು. ಎಲ್ಲರಿಗೂ ಸಾಕಾಗುವಷ್ಟು, ತೊಳೆದು ಕೊಡುವ ಕೆಲಸ ಇಲ್ಲ. ಸಣ್ಣ ಕೋಣೆಗೆ ಬೀಗ ಹಾಕಿದ್ದರು. ನಾನು ಹೆಂಗಸರ ಸಾಲಿನ ತುದಿಗೆ ಮೊಣಕಾಲೂರಿದೆ. ಪಕ್ಕದಲ್ಲಿ ಯಾರೋ ಗಂಡಸರು ಬಂದು ಕೂತ ಸಪ್ಪಳವಾಯಿತು, ನೋಡಿದರೆ ಅಕ್ಕೋರ ಮಗ. ಗ್ಯಾರೇಜಿನ ಎಣ್ಣೆಯ ಕಪ್ಪು ಉಗುರಿನ ಸಂದಿಯಲ್ಲಿ ಹಾಗೆಯೇ ಇತ್ತು. ಪಾಸ್ಟರ್ ಓದಿದರು, ಪಶ್ಚಾತ್ತಾಪಪಟ್ಟವರೂ ನೆರೆಯವರೊಡನೆ ಸಮಾಧಾನದಲ್ಲಿ ಇರುವವರೂ ಹತ್ತಿರ ಬನ್ನಿ ಎಂದು. ಎಷ್ಟೋ ವರ್ಷ ಕೇಳಿದ ಮಾತು, ಒಲೆಯ ಮೇಲಿನ ಹಾಲಿನ ಕಡೆ ಗಮನ ಇಟ್ಟು ಕೇಳುವ ರೇಡಿಯೋದ ಹಾಗೆ ಕೇಳಿದ್ದೆ.

ಪಾಸ್ಟರ್ ಅವನ ಮುಂದೆ ಬಂದು ನಿಂತರು. ಅವನು ಎರಡೂ ಅಂಗೈ ಒಡ್ಡಿದ. ಪಾಸ್ಟರ್ ಅವನಿಗೆ ಒಂದು ಚೂರು ಕೊಟ್ಟರು, ಸಣ್ಣದನ್ನಲ್ಲ, ಆರಿಸಿ ದೊಡ್ಡದನ್ನೇ ಕೊಟ್ಟರು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಯಾರಿಗಾಗಿ ಅಕ್ಕೋರು ಅದನ್ನು ಮುಟ್ಟಲಿಲ್ಲವೋ ಅವನು ನನ್ನ ಪಕ್ಕ ಕೂತು ಮೆಲ್ಲಗೆ ಅಗಿಯುತ್ತಿದ್ದ.

ಆಮೇಲೆ ಪಾಸ್ಟರ್ ನನ್ನ ಮುಂದೆ ಬಂದರು. ನನ್ನ ಕೈ ಮಡಿಲು ಬಿಟ್ಟು ಏಳಲಿಲ್ಲ. ಎಬ್ಬಿಸಲು ನೋಡಿದೆ, ಆಗಲಿಲ್ಲ. ಭಾಲ್ಕಿಯ ತಮ್ಮನ ಹೆಂಡತಿಯ ಮುಖ ಕಣ್ಣೆದುರಿಗೆ ಬಂತು, ಆಕೆಯ ಮೇಲಿನ ನನ್ನ ಸಿಟ್ಟು ಇನ್ನೂ ಸಿಹಿಯಾಗಿಯೇ ಇತ್ತು. ಪಾಸ್ಟರ್ ಸ್ವಲ್ಪ ಹೊತ್ತು ಕಾದು ಮುಂದಿನವರ ಕಡೆ ಸರಿದರು. ನಾನೇ ನಾದಿ, ನಾನೇ ಸುಟ್ಟ ರೊಟ್ಟಿಯ ವಾಸನೆ ಮೂಗಿನ ಮುಂದೆಯೇ ಹಾದು ಹೋಯಿತು. ಅಷ್ಟು ವರ್ಷ ನುಂಗಿದ ಆ ರೊಟ್ಟಿಗಾಗಿ ನನಗೆ ಹಸಿವಾದದ್ದು ಅಂದೇ ಮೊದಲು.